ಬದನೆ ಪಾತಿಯಲ್ಲಿ ಕೂತ ಮಂಜ

ಹೊನ್ನಾವರದ ಬಂದರಿನಲ್ಲಿ ಲಾಂಚಿನ ಟಿಕೆಟ್ ಹರಿಯುತ್ತ ಕೂತಿರುತ್ತಿದ್ದ ಕಾಸರಕೋಡಿನ ದೇವಪ್ಪ ಒಬ್ಬ ಲೇಖಕ ಎಂದರೆ ಯಾರು ನಂಬಬೇಕು? ಶರಾವತಿ ದಾಟುವ ಜನ ಚಿಲ್ಲರೆಗಾಗಿ ಅವನ ಸಂಗಡ ಜಗಳವಾಡುತ್ತಿದ್ದರು, ಅಷ್ಟೇ. ಆದರೆ ಸಾವಿರದ ಒಂಬೈನೂರ ಐವತ್ತೆಂಟರಿಂದಲೂ ಹುಬ್ಬಳ್ಳಿಯ ಒಂದು ವಾರಪತ್ರಿಕೆಯ ಕೊನೆಯ ಪುಟದ ಚಿತ್ರಕಥೆ ಅವನದೇ. ಯಾವ ಚೌಕದಲ್ಲಿ ಯಾರು ನಿಲ್ಲಬೇಕು, ಯಾರ ಬಾಯಲ್ಲಿ ಯಾವ ಮಾತು ಬರಬೇಕು ಎಂದು ಇವನು ಬರೆದು ಕಳಿಸುತ್ತಿದ್ದ. ಅಲ್ಲಿನ ಚಿತ್ರಗಾರ ಬಿಡಿಸುತ್ತಿದ್ದ. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

ಬರೆದದ್ದೆಲ್ಲ ಕಾಣದ ಊರಿನ ಕಥೆ. ಮರುಭೂಮಿಯ ಡಕಾಯಿತರು, ಹಿಮದ ನಾಡಿನ ರಾಣಿ, ಚಂದ್ರನ ಮೇಲೆ ಇಳಿದ ಪೊಲೀಸ. ಕಣ್ಣೆದುರಿನ ಕಡಲನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅವನಿನ್ನೂ ಶಾಲೆಯಲ್ಲಿದ್ದಾಗಲೇ ಅಪ್ಪ ಮಂಜ ಮೀನಿಗೆ ಹೋದವನು ತಿರುಗಿ ಬಂದಿರಲಿಲ್ಲ. ಅವ್ವಿ ತಿಮ್ಮಕ್ಕ, ಗಂಡ ಎಷ್ಟು ಹೊತ್ತಿಗೆ ಬಂದರೂ ಅವನು ಉಣ್ಣದೆ ತುತ್ತೆತ್ತಿದವಳಲ್ಲ. ಅವನು ಹೋದ ಮೇಲೂ ಅಷ್ಟೇ. ಎಲ್ಲರದೂ ಮುಗಿದ ಬಳಿಕ ಒಲೆ ಮುಂದೆ ಕೂತು, ಬಾಗಿಲ ಕಡೆ ನೋಡುತ್ತ ನಾಲ್ಕು ತುತ್ತು ತಿನ್ನುತ್ತಿದ್ದಳು. ಯಾರಾದರೂ ಕಡಲಿನ ಮಾತು ತೆಗೆದರೆ ಮೀನಿನ ಬುಟ್ಟಿ ಎತ್ತಿಕೊಂಡು ಅಂಗಳಕ್ಕೆ ನಡೆದುಬಿಡುತ್ತಿದ್ದಳು.

ಅರವತ್ತಮೂರರಲ್ಲಿ ಸಂಪಾದಕರು ಪಟ್ಟು ಹಿಡಿದರು: ಕಡಲ ದಂಡೆಯವನು ನೀನು, ಕಡಲ ಕಥೆಯೇ ಬೇಕು. ಹಾಳಾಗಲಿ ಎಂದು ದೇವಪ್ಪ ಶುರುಮಾಡಿದ. ನಾಯಕನಿಗೆ ಅಪ್ಪನ ಹೆಸರನ್ನೇ ಇಟ್ಟ. ಬೇರೆ ಹೆಸರು ಬರೆಯಲು ಕೈಯೇ ಬರಲಿಲ್ಲ. ಕೊನೆಗೆ ಮಂಜ ಮುಳುಗಬೇಕು, ನಿಜವಾಗಿ ಆದದ್ದೂ ಅದೇ ತಾನೆ? ಅವ್ವಿಗೆ ಓದು ಬಾರದು ಎಂಬುದೊಂದೇ ಧೈರ್ಯ. ಗೊತ್ತಾದರೆ ಅವಳಿಗೆ ಮುಖ ತೋರಿಸುವುದು ಹೇಗೆ ಎಂದು ಒಳಗೊಳಗೇ ಹೆದರುತ್ತಿದ್ದ.

ಕುಮಟೆಯ ಬಸ್ಸಿನಲ್ಲಿ ಪತ್ರಿಕೆ ಬಂತು. ಬಿಡಿಸಿ ನೋಡಿದವನು ತಲೆ ಚಚ್ಚಿಕೊಂಡ. 'ಬಿರುಗಾಳಿಯಲ್ಲಿ ಮಂಜ ಪಾತಿಯೊಳಗೆ ಒಬ್ಬನೇ' ಎಂದು ಅವನು ಬರೆದಿದ್ದ. ಕಾಸರಕೋಡಿನಲ್ಲಿ ಪಾತಿ ಎಂದರೆ ಸಣ್ಣ ದೋಣಿ, ಹಾಲು ಕುಡಿಯುವ ಮಗುವಿಗೂ ಗೊತ್ತು. ಹುಬ್ಬಳ್ಳಿಯ ಮಹಾಶಯನಿಗೆ ಪಾತಿ ಎಂದರೆ ಗಿಡ ನೆಡುವ ಪಾತಿ. ಪುಣ್ಯಾತ್ಮ ಮಳೆ, ಸಿಡಿಲು ಎಲ್ಲವನ್ನೂ ಚೆಂದಾಗಿ ಬಿಡಿಸಿ, ನಡುವೆ ಬದನೆ ಗಿಡಗಳ ಮಧ್ಯೆ ಮಂಜನನ್ನು ಕೂರಿಸಿ, ಕೈಗೊಂದು ಹುಟ್ಟು ಕೊಟ್ಟಿದ್ದ!

ಲಾಂಚಿನಲ್ಲಿ ನಗೆಯೋ ನಗೆ. ಯಾರೋ ಓದಿ ಹೇಳಿದ್ದನ್ನು ಕೇಳಿದ ನೆರೆಮನೆಯ ಸುಕ್ರಿ ಪತ್ರಿಕೆಯನ್ನೇ ಹಿಡಿದುಕೊಂಡು ಹೊಳೆ ದಾಟಿದಳು. ಮಧ್ಯಾಹ್ನ ದೇವಪ್ಪ ಮನೆಗೆ ಬಂದರೆ ಅವ್ವಿಯ ತೊಡೆಯ ಮೇಲೆ ಅದೇ ಪುಟ.

"ಇದು ನಿನ್ನಪ್ಪ ಅಂತೆ, ಹೌದ?"

"ಹೌದು ಅವ್ವಿ."

ತಿಮ್ಮಕ್ಕ ಪುಟವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಆಮೇಲೆ ಬಿದ್ದು ಬಿದ್ದು ನಗತೊಡಗಿದಳು. "ಅಯ್ಯೋ, ಅವರಿಗೆ ಬದನೆಕಾಯಿ ಕಂಡ್ರೇ ಆಗ್ತಿರ್ಲಿಲ್ಲ!" ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. "ಮುಂದೆ ಎಂತ ಆಗ್ತದೆ?"

ದೇವಪ್ಪ ಅವಳ ಕೈಯಿಂದ ಪುಟ ತೆಗೆದು ಮಡಚತೊಡಗಿದ. ಅವಳಿಗೆ ಅಷ್ಟರಲ್ಲೇ ಅರ್ಥವಾಯಿತು.

"ಬದನೆ ಗಿಡದ ನಡುವೆ ಕೂತವರು ಮುಳುಗೂದು ಹೆಂಗೋ? ಮನೆಗೆ ಕರ್ಕಂಡು ಬಾ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು ಅವನಿಗೆ. ಸಂಪಾದಕರೂ ಬೈಯಲಿಲ್ಲ, ಬದನೆ ಪಾತಿಯ ನಾವಿಕ ಓದುಗರಿಗೆ ಹಿಡಿಸಿಬಿಟ್ಟಿದ್ದ. ಮಂಜನನ್ನು ದೇವಪ್ಪ ತೆಂಕಣ ದಂಡೆಯ ಜಾಲಿ ಊರಿಗೆ ಮುಟ್ಟಿಸಿದ, ಗಾಳಿಗೆ ಸಿಕ್ಕಿಸಿ ಬಡಗಣ ಬಾಡ ಊರಿಗೆ ಒಯ್ದ, ಕಥೆ ಬೆಳೆಸಿದ. ದೋಣಿ ಎಂದು ಬರೆದು ಪಕ್ಕದಲ್ಲಿ ದೋಣಿಯ ಚಿತ್ರವನ್ನೂ ಗೀಚಿ ಕಳಿಸುವುದು ಅಂದಿನಿಂದ ರೂಢಿಯಾಯಿತು. ವಾರ ವಾರವೂ ತಿಮ್ಮಕ್ಕ ಕೇಳುವಳು. ಗಂಡನ ಹೆಸರು ಹೇಳುವಂತಿಲ್ಲವಲ್ಲ, ಹಾಗಾಗಿ ಚಿತ್ರದ ಮಂಜನೂ ಅವಳ ಬಾಯಲ್ಲಿ 'ಅವರು' ಆದ. "ಅವರು ಎಲ್ಲಿಗೆ ಬಂದ್ರೋ?"

ಮಳೆಗಾಲ ಮುಗಿಯುವ ಹೊತ್ತಿಗೆ ಕೊನೆಯ ಕಂತು ಬಂತು. ದೇವಪ್ಪ ಊಟದ ಬಟ್ಟಲಿನ ಮುಂದೆ ಕೂತು ಓದಿ ಹೇಳಿದ: ದೋಣಿ ಹೊಳೆ ಕಡಲು ಸೇರುವ ಅಳಿವೆ ದಾಟಿತು, ಮಂಜ ದಡಕ್ಕೆ ಹಾರಿದ, ಮನೆಯ ಬಾಗಿಲು ತಳ್ಳಿದ.

"ಬಂದ್ರಾ?"

"ಬಂದ್ರು ಅವ್ವಿ."

ತಿಮ್ಮಕ್ಕ ಒಲೆಯ ಮುಂದಿನಿಂದ ಎದ್ದು ಬಂದು, ಬಾಗಿಲಿಗೆ ಬೆನ್ನು ಹಾಕಿ, ಮಗನ ಪಕ್ಕದಲ್ಲಿ ಕೂತಳು.

"ಆತು. ಹಂಗಾರೆ ನಾನೂ ಉಣ್ಣೂಕೆ ಅಡ್ಡಿಲ್ಲ. ಬಡಿಸು."