ಹುಲಿ ಹೋಗಿ ಉಳಿ ಬಂದ ದಿನ

ಹಿಸ್ಟರಿ ಮಿಸ್ಸಿನ ಬಲಗೈ ತೋರುಬೆರಳು ನಡುಗೆಣ್ಣಿನಲ್ಲಿ ಕೊಂಚ ಸೊಟ್ಟಗಿತ್ತು. ಭೂಪಟದ ಮೇಲೆ ಅವರು ತಲಕಾಡು ಎಂದರೆ ಬೆರಳು ಕೊಳ್ಳೇಗಾಲ ತೋರಿಸುತ್ತಿತ್ತು. ನಮ್ಮ ಬ್ಯಾಚಿನ ಅರ್ಧ ಹುಡುಗರು ಗಂಗರ ರಾಜಧಾನಿಯನ್ನು ಕೊಳ್ಳೇಗಾಲಕ್ಕೆ ಸಾಗಿಸಿ ಅಂಕ ಕಳೆದುಕೊಂಡಿದ್ದು ಆ ಬೆರಳಿನಿಂದಲೇ.

ನಾನು ಬೋಗಾದಿಯವನು, ಅಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದವನು. ನಮ್ಮ ಮನೆಯಲ್ಲಿ ಯಾರಿಗೂ ಹಕಾರ ಹೊರಳುತ್ತಿರಲಿಲ್ಲ. ನಾನು "ಒಯ್ಸಳರು ಮಿಸ್" ಎಂದರೆ ತರಗತಿಯೆಲ್ಲ ನಗುತ್ತಿತ್ತು. ಮಿಸ್ಸು ಮಾತ್ರ ನಗುತ್ತಿರಲಿಲ್ಲ. "ನಕ್ಕೋರು ಎದ್ದು ನಿಂತು ಹೊಯ್ಸಳರ ವಂಶಾವಳಿ ಹೇಳಿ, ನೋಡೋಣ" ಎನ್ನುತ್ತಿದ್ದರು. ನಕ್ಕವರೆಲ್ಲ ಪುಸ್ತಕ ತೆರೆಯುತ್ತಿದ್ದರು.

ಹತ್ತನೇ ತರಗತಿಗೆ ನನ್ನ ಓದು ಮುಗಿಯಿತು. ಊರೆಲ್ಲ ಅಲೆದು, ಸೈನ್‌ಬೋರ್ಡ್ ಬರೆದು, ಕೊನೆಗೆ ಕುಂಬಾರಕೊಪ್ಪಲಿನಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಈ ಊರಿನಲ್ಲಿ ಒಬ್ಬರೇ, ಅದೇ ಹಿಸ್ಟರಿ ಮಿಸ್ಸು. ಅವರು ಎರಡು ವರ್ಷದ ಹಿಂದೆ ಒಂದು ಭಾನುವಾರ ಚರ್ಚ್ ಮುಗಿಸಿಕೊಂಡು ನೇರವಾಗಿ ನನ್ನ ಅಂಗಡಿಗೆ ಬಂದರು.

"ಲೋ, ಇದು ನನ್ನ ಕೊನೇ ವರ್ಷ. ನಾನು ರಿಟೈರ್ ಆದ್ಮೇಲೆ ಇತಿಹಾಸದ ಕೋಣೇನ ಸ್ಟೋರ್ ರೂಮ್ ಮಾಡ್ತಾರಂತೆ. ಶನಿವಾರ ಆಡಳಿತ ಮಂಡಳಿ ಅಧ್ಯಕ್ಷರು ನೋಡಕ್ಕೆ ಬರ್ತಾರೆ. ಅವರ ಮನಸ್ಸು ತಿರುಗಿಸ್ಬೇಕು ಕಣೋ."

ಮೂವತ್ತು ವರ್ಷ ಕೂಡಿಸಿದ ನಕ್ಷೆಗಳು, ಮಕ್ಕಳು ಮಣ್ಣಲ್ಲಿ ಕಟ್ಟಿದ ಕೋಟೆಗಳು, ಎಲ್ಲ ಇದ್ದಿದ್ದು ಆ ಕೋಣೆಯಲ್ಲೇ. ಮಿಸ್ಸು ಮೊಬೈಲ್ ತೆಗೆದು ತೋರಿಸಿದರು. ಹಳೆಯ ರಾಜರಾಣಿಯರು ಈಗ ಬದುಕಿದ್ದರೆ ಹೇಗಿರುತ್ತಿದ್ದರು ಎಂದು ಮಕ್ಕಳು ಎಐ ಕೈಯಲ್ಲಿ ಚಿತ್ರ ಬರೆಸಿದ್ದರು. ಕಂಚಿಯ ಬಾಗಿಲಲ್ಲಿ ಅವಮಾನ ಉಂಡ ಕದಂಬ ದೊರೆ ಕಾಲೇಜು ಗೇಟಿನಲ್ಲಿ ವಾಚ್‌ಮನ್ ಜೊತೆ ವಾದಕ್ಕೆ ನಿಂತಿದ್ದ. ನಾಟ್ಯರಾಣಿಯಾದ ಹೊಯ್ಸಳರ ಮಹಾರಾಣಿ ಗೆಜ್ಜೆಯ ಚೀಲ ನೇತುಹಾಕಿಕೊಂಡು, ಹೆಲ್ಮೆಟ್ ಹಾಕಿ ಸ್ಕೂಟರ್ ಏರಿದ್ದಳು.

"ಮುಖ ಮಿಷನ್ನು ಕೊಡ್ಲಿ, ಕೆಲಸ ನೀವು ಕೊಡಿ ಅಂತ ಮಕ್ಕಳಿಗೆ ಹೇಳಿದೀನಿ. ಆ ಕೆಲಸಾನೇ ಯಾಕೆ ಅಂತ ಕೇಳಿದ್ರೆ ಬಾಯ್ಬಿಟ್ಟು ಹೇಳಕ್ಕೆ ಬರ್ಬೇಕು."

ಈ ಚಿತ್ರಗಳನ್ನು ಕೋಣೆಯಲ್ಲಿ ಕಟ್ಟಲು ನಾನು ಮೂರಡಿಯ ಫ್ಲೆಕ್ಸ್ ಸಾಕು ಎಂದೆ. ಮಿಸ್ಸು ಆಳೆತ್ತರ ಬೇಕೆಂದರು. ನಾನು ನಾಲ್ಕಕ್ಕೆ ಬಂದೆ.

"ಪಬ್ಲಿಕ್ ಪರೀಕ್ಷೆ ಮುಂಚೆ ನಿನಗೆ ಸಂಜೆ ಸಂಜೆ ಪಾಠ ಹೇಳ್ಕೊಡುವಾಗ ನಾನು ಟೇಪ್ ಹಿಡ್ಕೊಂಡು ಅಳೆದಿದ್ನೇನೋ?"

ಆರಡಿಯೇ ಆಯಿತು.

ಒಂದು ಚಿತ್ರ ಮಾತ್ರ ಬಾಕಿ ಇತ್ತು: ಹುಲಿ ಕೊಂದು ರಾಜ್ಯ ಕಟ್ಟಿದ ಹೊಯ್ಸಳ ವೀರನದು. ಅದನ್ನು ನಾನೇ ಮಾಡಿಸುತ್ತೇನೆ ಎಂದು ಜಂಭದಿಂದ ಒಪ್ಪಿಕೊಂಡು ಮೊಬೈಲಿಗೆ ಹೇಳಿದೆ: "ಉಲಿ ಒಡಿಯೋ ಒಯ್ಸಳರ ಉಡುಗ, ಈಗಿನ ಮೈಸೂರಲ್ಲಿ." ಅವತ್ತು ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನ ಗಡಿಬಿಡಿ. ಬಂದ ಚಿತ್ರವನ್ನು ನೋಡದೆ ಪ್ರಿಂಟಿಗೆ ಹಾಕಿಬಿಟ್ಟೆ. ವ್ಯಾಪಾರಕ್ಕೆ ಇಳಿಯುವವರಿಗೆ ಹೇಳುತ್ತೇನೆ, ಯಂತ್ರ ಎಷ್ಟೇ ಜಾಣವಾಗಿರಲಿ, ಒಮ್ಮೆ ಕಣ್ಣಾಡಿಸಿ.

ಶನಿವಾರ ಬೆಳಿಗ್ಗೆ ಶಾಲೆಯಲ್ಲಿ ಸುರುಳಿ ಬಿಚ್ಚಿದರೆ ಹುಲಿಯೇ ಇಲ್ಲ! ಜೀನ್ಸ್ ತೊಟ್ಟ ಹುಡುಗನೊಬ್ಬ ಬರಿಗಾಲಲ್ಲಿ ಕುಕ್ಕರಗಾಲು ಹಾಕಿ ಕೂತು, ಕಲ್ಲಿನ ಮೇಲೆ ಉಳಿ ಹೊಡೆಯುತ್ತಿದ್ದ. ನನ್ನ ಬಾಯಲ್ಲಿ ಹುಲಿ ಉಲಿಯಾಗಿತ್ತು, ಎಐ ಕಿವಿಯಲ್ಲಿ ಉಲಿ ಉಳಿಯಾಗಿತ್ತು.

"ಮಿಸ್, ಇದನ್ನ ಸುತ್ತಿಟ್ಬುಡ್ತೀನಿ. ದಾರೀಲಿ ಅರ್ದೋಯ್ತು ಅಂದ್ಬುಡಿ" ಎಂದೆ. ಮಿಸ್ಸು ಗೋಡೆ ಹಿಡಿದುಕೊಂಡು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಆಮೇಲೆ ತಮ್ಮ ಸೊಟ್ಟ ಬೆರಳನ್ನು ಆ ಹುಡುಗನ ಉಳಿಯ ಮೇಲೆ ಇಟ್ಟರು.

"ಇಷ್ಟು ವರ್ಷ ಪಾಠ ಮಾಡಿದೀನಿ, ಈ ಕಲ್ಲು ಕೆತ್ತೋನನ್ನ ಒಂದು ದಿನಾನೂ ಕ್ಲಾಸಿಗೆ ಕರೀಲಿಲ್ವಲ್ಲೋ. ಬಾಗಿಲಿಗೇ ಕಟ್ಟು."

ಅಧ್ಯಕ್ಷರು ಬಂದರು. ಬಾಗಿಲಲ್ಲೇ ನಿಂತು, "ಇವನ್ಯಾರು? ಪುಸ್ತಕದಲ್ಲಿ ಇಲ್ವಲ್ಲ?" ಎಂದರು. ನಾನು ಫ್ಲೆಕ್ಸಿನ ದಾರ ಬಿಚ್ಚಲು ಕೈ ಹಾಕಿದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಮುಂದೆ ಬಂದಳು.

"ಹುಲಿ ಹೊಡೆದಿದ್ದು ಕತೆ ಸಾರ್. ಉಳಿ ಹೊಡೆದಿದ್ದು ನಿಜ. ಬೇಕಾದ್ರೆ ಹಳೇಬೀಡಿಗೆ ಹೋಗಿ ನೋಡ್ಬೋದು."

ಅಧ್ಯಕ್ಷರು ಒಂದೊಂದು ಚಿತ್ರದ ಮುಂದೆಯೂ ನಿಂತು "ಇವರಿಗೆ ಈ ಕೆಲಸ ಯಾಕೆ?" ಎಂದು ಕೇಳುತ್ತ ಹೋದರು. ಮಕ್ಕಳು ಬಾಯಿ ಮುಚ್ಚಲಿಲ್ಲ. ಕೊನೆಗೆ ಬೆವರು ಒರೆಸಿಕೊಂಡು ಗುಮಾಸ್ತರ ಕಡೆ ತಿರುಗಿದರು. "ಇಲ್ಲೊಂದು ಫ್ಯಾನ್ ಹಾಕ್ಸಿ ಕಣ್ರೀ. ಸ್ಟೋರಿಗೆ ಬೇರೆ ಜಾಗ ನೋಡ್ಕೊಳ್ಳಿ."

ಅವರ ಕಾರು ಗೇಟು ದಾಟುವವರೆಗೂ ಮಿಸ್ಸು ಕೈಬೀಸುತ್ತ ನಿಂತರು. ಆಮೇಲೆ ನನ್ನ ಬೆನ್ನಿಗೊಂದು ಗುದ್ದಿದರು. "ಉಳಿಯಿಂದ ಉಳೀತು ಕಣೋ!"

ಅಲ್ಲಿಯವರೆಗೆ ಕಚೇರಿಗಳಿಗೆ ಹೋದರೆ ನನ್ನ ನಾಲಿಗೆಗೆ ಹೆದರಿ ಬೇರೆಯವರ ಕೈಲಿ ಮಾತಾಡಿಸುತ್ತಿದ್ದೆ. ಈಗ ನಾನೇ ಮಾತಾಡುತ್ತೇನೆ. ಕೆಲಸವೂ ಹೆಚ್ಚು ಸಿಗುತ್ತಿದೆ.

ಮಿಸ್ಸು ಈಗ ಲಕ್ಷ್ಮೀಪುರಂನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಮೊನ್ನೆ ಫೋನ್ ಮಾಡಿದ್ದರು. "ಉಳಿಯವನ ಬಣ್ಣ ಮಾಸಿದೆಯಂತೆ. ಹೊಸದು ಮಾಡ್ಕೊಡು. ಈ ಸಲ ಅವನಿಗೆ ಚಪ್ಪಲಿ ಹಾಕ್ಸೋ, ಕಲ್ಲಿನ ಚೂರು ಚುಚ್ಚುತ್ತೆ ಪಾಪ."

ನಾನು ಚೌಕಾಸಿ ಮಾಡಲಿಲ್ಲ. ಒಳ್ಳೆಯ ದಪ್ಪ ಅಟ್ಟೆಯ ಚಪ್ಪಲಿಯನ್ನೇ ಹಾಕಿಸಿದೆ.