ಅತ್ತೆ ಸೊಸೆಯ ನಡುವೆ ಒಬ್ಬ ವಕೀಲ

ವಯಸ್ಸಾದವರನ್ನು ಯಾರೇ ಕರೆತರಲಿ, ಕರೆತಂದವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಹಿರಿಯರೊಬ್ಬರನ್ನೇ ಮಾತಾಡಿಸುವುದು ನನ್ನ ಪದ್ಧತಿ. ಇದಕ್ಕೆ ಸಿಟ್ಟಾಗಿ ಕಾಚಿಗೂಡದ ನನ್ನ ಆಫೀಸಿನಿಂದ ಎದ್ದುಹೋದ ಗಂಡುಮಕ್ಕಳು ಬೇಕಾದಷ್ಟಿದ್ದಾರೆ. ಹೋದರೆ ಹೋಗಲಿ. ಆಸ್ತಿ ಯಾರದೋ ಅವರೇ ನನ್ನ ಕಕ್ಷಿದಾರರು, ಆಟೋ ಬಾಡಿಗೆ ಕೊಟ್ಟವರಲ್ಲ.

ಆ ಪದ್ಧತಿಯನ್ನು ಒಮ್ಮೆ ಮುರಿದೆ, ಅದೂ ಒಬ್ಬ ಒಳ್ಳೆಯ ಸೊಸೆಗಾಗಿ.

ಬೀದರ ಕಡೆಯ ಮನೆತನ. ಬೇಗಂ ಬಜಾರಿನಲ್ಲಿ ಕಿರಾಣಿ ಅಂಗಡಿ, ಹಿಂದಿನ ಗಲ್ಲಿಯಲ್ಲಿ ಅತ್ತೆಯ ಹೆಸರಿಗೆ ಕೊಂಡ ಪುಟ್ಟ ಮನೆ. ದೊಡ್ಡ ಮಗ ಎದೆನೋವಿನಿಂದ ತೀರಿಕೊಂಡಾಗ ಆ ತಾಯಿ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು. ಈ ಸುದ್ದಿ ಅವರು ತಾಳಲಾರರು ಎಂದರು ಡಾಕ್ಟರು. ಸೊಸೆ ನಲ್ಲಿಯ ಹತ್ತಿರ ಮುಖ ತೊಳೆದು, ಅಳಿಸಿದ್ದ ಕುಂಕುಮವನ್ನು ಮತ್ತೆ ಹಚ್ಚಿಕೊಂಡು ಒಳಗೆ ಹೋಗಿ, “ಹೊಲದ ತಕರಾರು ಐತ್ರಿ ಅತ್ತಿ, ಬೀದರಿಗೆ ಹೋಗ್ಯಾರ” ಎಂದಿದ್ದಳು. ಮುದುಕಿ ಇರುವತನಕ ಹೀಗೇ ನಡೆಯಲಿ ಎಂದು ಬಳಗದವರೂ ಸುಮ್ಮನಾಗಿದ್ದರು.

ಇದನ್ನೆಲ್ಲ ಸೊಸೆ ಮೊದಲೇ ಫೋನಿನಲ್ಲಿ ತಿಳಿಸಿದ್ದಳು. ಮನೆಯನ್ನು ಸೊಸೆಗೆ ಬರೆಯಬೇಕೆಂದು ಹಟ ಹಿಡಿದವರು ಅತ್ತೆಯೇ. ಬರೆಯದಿದ್ದರೆ ಅದು ಲಿಂಗಂಪಲ್ಲಿಯ ಚಿಕ್ಕ ಮಗನಿಗೆ. ಮಕ್ಕಳಿಲ್ಲದ ಈ ವಿಧವೆಗೆ ಒಂದು ಕೋಣೆಯೂ ಸಿಗದು. ಕಾನೂನು ಹಾಗಿದೆ, ಅದಕ್ಕೆ ಕರುಳಿಲ್ಲ. ಆದರೆ ಮಗ ಬದುಕಿದ್ದಾನೆಂದು ನಂಬಿದ ತಾಯಿ ಮನೆಯನ್ನು ಸೊಸೆಗೇಕೆ ಬರೆಯುತ್ತಾಳೆ? ಅದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಅತ್ತೆಯನ್ನು ಆಫೀಸಿಗೆ ಕರೆತಂದ ದಿನ, “ನಾನೂ ಇಲ್ಲೇ ಕೂಡ್ಲೇನ್ರಿ? ಅತ್ತಿ ಗಾಬರಿ ಆಗ್ತಾರ” ಎಂದಳು ಸೊಸೆ. ಅವಳ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ.

ಉಯಿಲು ಬರೆಸುವವರ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ತಿಳಿಯಲು ಮಕ್ಕಳ ಬಗ್ಗೆ ಕೇಳಲೇಬೇಕು. “ಅವ್ವಾರ, ನಿಮಗ ಎಷ್ಟು ಮಂದಿ ಮಕ್ಕಳ್ರಿ?”

“ಇಬ್ರರಿ. ದೊಡ್ಡಾವ ಬೀದರಿಗೆ ಹೋಗ್ಯಾನ. ಬರ್ತಾನ.”

ಸೊಸೆ ತಲೆ ತಗ್ಗಿಸಿದಳು. ನಾನು ಪೆನ್ನು ಮುಚ್ಚಿದೆ. ಮಗ ಸತ್ತದ್ದು ಗೊತ್ತಿಲ್ಲದವರ ಕೈಲಿ ಬರೆಸಿದ ಉಯಿಲನ್ನು ಚಿಕ್ಕ ಮಗನ ವಕೀಲ ಕೋರ್ಟಿನಲ್ಲಿ ಹರಿದುಹಾಕುತ್ತಾನೆ. ಹಾಗೆಂದು ನಿಜ ಹೇಳಲು ನಾನ್ಯಾರು? “ಇವತ್ತು ಆಗೂದಿಲ್ಲಮ್ಮ” ಎಂದೆ.

ಸೊಸೆ ಆಟೋ ಕರೆಯಲು ಕೆಳಗಿಳಿದಳು. ಅವಳ ಹೆಜ್ಜೆಯ ಸಪ್ಪಳ ನಿಂತ ಮೇಲೆ ಮುದುಕಿ ನನ್ನತ್ತ ತಿರುಗಿದರು.

“ವಕೀಲರ, ನನ್ನ ಮಗ ಇಲ್ಲ ಅನ್ನೂದು ನನಗ ಗೊತ್ತೈತ್ರಿ. ಅವನಿಗೆ ಫೋನ್ ಹಚ್ಚು ಅಂತ ಒಂದಿನಾನೂ ಕೇಳಿಲ್ಲ ನಾ. ನನ್ನ ಸಲುವಾಗಿ ಆಕಿ ಕುಂಕುಮ ಹಚ್ಕೊಳ್ಳಾಕತ್ತಾಳ, ಕೈತುಂಬ ಬಳಿ ಇಟ್ಕೊಂಡಾಳ. ನನಗ ಗೊತ್ತಾತು ಅಂದ್ರ ನಮ್ಮ ಮಂದಿ ಅವತ್ತ ಎಲ್ಲಾ ತಗಿಸ್ತಾರ. ನಾ ಇರೋತನಕ ಆಕಿ ಮುಂದ ಹೇಳಬ್ಯಾಡ್ರಿ.”

ಡೈರಿಯಲ್ಲಿ ಇನ್ನೊಂದು ತಾರೀಖು ಬರೆದುಕೊಂಡೆ.

ಮುಂದಿನ ಸಲ ಸೊಸೆಯನ್ನು ಬೆಂಚಿನ ಮೇಲೆ ಕೂರಿಸಿದೆ. ಒಳಗೆ ನಾನು ಕರೆಸಿದ್ದ ಡಾಕ್ಟರು, ಇಬ್ಬರು ಸಾಕ್ಷಿಗಳು. “ತೀರಿಕೊಂಡ ನನ್ನ ಮಗನ ಹೆಂಡತಿಗೆ” ಎಂದು ಆ ತಾಯಿ ತಡವರಿಸದೆ ಹೇಳಿ ಹೆಬ್ಬೆಟ್ಟು ಒತ್ತಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮುಖ ಸರಿಯಾಗಿದೆಯೇ ಎಂದು ನನ್ನನ್ನೇ ಕೇಳಿ ಹೊರಗೆ ಹೋದರು.

“ಅತ್ತಿ ಮುಂದ ಏನೂ ಹೇಳಿಲ್ಲಲ್ರಿ?” ಎಂದು ಸೊಸೆ ಪಿಸುಗುಟ್ಟಿದಳು.

“ನಾ ಏನೂ ಹೇಳಿಲ್ಲಮ್ಮ.” ಸುಳ್ಳಲ್ಲ, ವಕೀಲರು ಹೇಳುವ ಬಗೆಯ ಸತ್ಯ.

ಕಕ್ಷಿದಾರರ ಗುಟ್ಟು ಕಾಯುವುದು ಧರ್ಮ ಎಂದು ನಮಗೆ ಕಲಿಸುತ್ತಾರೆ. ನಾನು ಕಾದೆ. ಅವರಿಬ್ಬರೂ ಬೇಗಂ ಬಜಾರಿನ ಆ ಮನೆಯಲ್ಲಿ ಒಬ್ಬರಿಗೊಬ್ಬರು ನಗುಮುಖ ತೋರಿಸಿಕೊಂಡು ಇನ್ನೆರಡು ವರ್ಷ ಕಳೆದರು.

ಅತ್ತೆ ಹೋದ ಮೇಲೆ ಸೊಸೆ ಬಂದಳು. ಹಣೆ ಬರಿದಾಗಿತ್ತು. ಮನೆ ನಿನ್ನದೇ ಎಂದೆ. ಆಮೇಲೆ, ಅತ್ತೆಗೆ ಎಲ್ಲ ಗೊತ್ತಿತ್ತೆಂದು ಹೇಳಿದೆ. ಅವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ.

ಅವಳು ತನ್ನ ಬರಿಗೈಗಳನ್ನು ನೋಡಿಕೊಂಡಳು.

“ನಾ ಬಚ್ಚಲದಾಗ ಅಳ್ತಿದ್ನಿರಿ, ಅವ್ರಿಗೆ ಕೇಳಬಾರದಂತ. ಅವ್ರು ಎಲ್ಲಿ ಅತ್ರೋ ಏನೋ. ಮೊದಲ ಹೇಳಿದ್ರ ಒಂದ್ಸಲನರ ಇಬ್ರೂ ಕೂಡಿ ಅಳ್ತಿದ್ವಲ್ರಿ, ವಕೀಲರ.”