ನಲವತ್ತೇಳನೆಯ ಪಾಕೀಟು

ನನ್ನ ಮೇಜಿನ ಎರಡನೆಯ ಖಾನೆಯಲ್ಲಿ ಚಹಾಪುಡಿಯ ಒಂದು ಖಾಲಿ ಪಾಕೀಟು ಇದೆ. ಕೆಂಪು ಬಣ್ಣದ್ದು, ಅಂಚನ್ನು ಕತ್ತರಿಯಿಂದ ಒಪ್ಪವಾಗಿ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಇಟ್ಟದ್ದು. ನಮ್ಮ ವಿಭಾಗದ ಸಿಪಾಯಿ ಅದನ್ನು ಎರಡು ಸಲ ಕಸದ ಬುಟ್ಟಿಗೆ ಹಾಕಿದ. ಎರಡು ಸಲವೂ ನಾನು ಎತ್ತಿ ತಂದೆ. ಮೂರನೆಯ ಸಲ ಅವನು ಅದನ್ನು ಕೈಯಲ್ಲಿ ಹಿಡಿದು ನಿಂತು, "ಸರ, ಚಾಪುಡಿ ತರಬೇಕೇನ್ರಿ?" ಎಂದು ಕೇಳಿದ. ಬೇಡ ಎಂದೆ. ಅಂದಿನಿಂದ ಅವನು ನನ್ನನ್ನು ನೋಡುವ ನೋಟದಲ್ಲಿ ಸ್ವಲ್ಪ ಕನಿಕರ ಬೆರೆತಿದೆ.

ನಿಮಗೂ ಕನಿಕರ ಹುಟ್ಟುವ ಮೊದಲು ವಿಷಯ ಹೇಳಿಬಿಡುತ್ತೇನೆ. ನಾನು ವಿಶ್ವವಿದ್ಯಾಲಯವೊಂದರಲ್ಲಿ ಅರ್ಥಶಾಸ್ತ್ರ ಕಲಿಸುವವನು. ಅದರ ಮೇಲೆ ವಿದ್ಯಾರ್ಥಿಗಳ ಸುಸ್ಥಿರ ಅಭಿವೃದ್ಧಿ ಕೂಟಕ್ಕೆ ಮಾರ್ಗದರ್ಶಕ. ಈ ಪದವಿ ನನಗೆ ಅರ್ಹತೆಯಿಂದ ಬಂದದ್ದಲ್ಲ, ಅದನ್ನು ಹಂಚಿದ ಸಭೆಗೆ ತಡವಾಗಿ ಹೋದದ್ದರಿಂದ ಬಂದದ್ದು. ಕೂಟವು ವರ್ಷಕ್ಕೊಂದು ಹಳ್ಳಿಯಲ್ಲಿ ಒಂದು ಕೆಲಸ ಮಾಡಬೇಕು, ಮಾಡಿದ್ದಕ್ಕೆ ವರದಿ ಕೊಡಬೇಕು. ವರದಿಯ ನಮೂನೆಯಲ್ಲಿ ಮೂರು ಚೌಕಗಳಿವೆ: ಕೆಲಸಕ್ಕೆ ಮೊದಲಿನ ಚಿತ್ರ, ಕೆಲಸ ನಡೆದಾಗಿನ ಚಿತ್ರ, ಕೆಲಸದ ನಂತರದ ಚಿತ್ರ. ನಡುವಿನದು ಸುಲಭ, ಯಾರಾದರೂ ಒಂದು ಬುಟ್ಟಿ ಹಿಡಿದು ನಕ್ಕರೆ ಸಾಕು. ಕಷ್ಟವಿರುವುದು ಮೊದಲಿನದರಲ್ಲಿ. ನಂತರ ಚೆನ್ನಾಗಿ ಕಾಣಬೇಕಾದರೆ ಮೊದಲು ಸಾಕಷ್ಟು ಕೆಟ್ಟಿರಬೇಕು. ಕೂದಲು ಬೆಳೆಸುವ ಎಣ್ಣೆಯ ಜಾಹೀರಾತುಗಳನ್ನು ಆಸೆಯಿಂದ ನೋಡುವ ವಯಸ್ಸಿಗೆ ಬಂದ ನನಗೆ ಈ ತತ್ತ್ವವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಕೂಟದ ಅಧ್ಯಕ್ಷೆ ಶಿವಲೀಲಾ, ಎಣಿಸದೆ ಯಾವುದನ್ನೂ ನಂಬದ ಹುಡುಗಿ. ಬಸ್ಸಿಗೆ ಹತ್ತಿದವರನ್ನು ಎಣಿಸುತ್ತಾಳೆ, ಇಳಿದವರನ್ನೂ ಎಣಿಸುತ್ತಾಳೆ, ನಡುವೆ ಯಾರೂ ಮಾಯವಾಗಿಲ್ಲವೆಂದು ಖಾತ್ರಿಯಾದ ಮೇಲೆಯೇ ಮಾತಾಡುತ್ತಾಳೆ. ಆ ವರ್ಷ ಯಾವ ಹಳ್ಳಿ ಎಂಬ ಚರ್ಚೆ ಬಂದಾಗ ಅವಳು, "ನಮ್ಮೂರಿಗೆ ಹೋಗೂಣ್ರಿ ಸರ. ನಮ್ಮ ಕೆರಿ ಒಮ್ಮೆ ನೋಡ್ರಿ" ಎಂದಳು. ಕೆರೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಅರ್ಜಿಯಲ್ಲಿ 'ಕೆರೆ ಸ್ವಚ್ಛತಾ ಕಾರ್ಯ' ಎಂದು ಬರೆದು ಸಹಿ ಮಾಡಿದೆ. ನೋಡಿ ಎಂದವಳನ್ನು ಏಕೆ ನೋಡಬೇಕು ಎಂದು ಕೇಳಲಿಲ್ಲ.

ಅಣ್ಣಿಗೇರಿಯಿಂದ ಒಳಗೆ ಹೋದರೆ ಕಪ್ಪು ಮಣ್ಣಿನ ಎರೆ ಹೊಲಗಳ ನಡುವೆ ಅವಳ ಊರು. ಆ ಸೀಮೆಯಲ್ಲಿ ನೆಲ ಕೊಡುವುದು ಬಂಗಾರದಂಥ ಕಡಲೆ, ಗೋದಿ, ಜೋಳ. ನೀರು ಮಾತ್ರ ಉಪ್ಪು. ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಅದರಲ್ಲಿ ಮಾಡಿದ ಚಹಾ ಕುಡಿದ ಬೀಗರು ಎರಡನೆಯ ಸಲ ಬರುವುದಿಲ್ಲ. ಈಗ ಮನೆಮನೆಗೆ ನಲ್ಲಿ ಬಂದಿದೆಯಾದರೂ, ನಲ್ಲಿಯದು ಬಳಸಲಿಕ್ಕೆ, ಕೆರೆಯದು ಕುಡಿಯಲಿಕ್ಕೆ ಎಂದು ಊರು ತಾನೇ ಪಾಲು ಮಾಡಿಕೊಂಡಿದೆ. ಕಾಲುವೆಯ ನೀರು ಬಿಟ್ಟಾಗ ತುಂಬಿಸಿಕೊಂಡ ಕೆರೆಯೇ ಮುಂದಿನ ನೀರು ಬರುವತನಕ ಎಲ್ಲರ ಗಂಟಲಿಗೂ ಆಧಾರ. ಆದ್ದರಿಂದ ಅದಕ್ಕೊಂದು ಕಟ್ಟಳೆ: ಏರಿಯ ಮೇಲೆ ಚಪ್ಪಲಿ ಇಲ್ಲ, ಮೆಟ್ಟಿಲಿನ ಮೇಲೆ ಕಾಲು ತೊಳೆಯುವುದಿಲ್ಲ, ಕೊನೆಯ ಮೆಟ್ಟಿಲಿನಿಂದಾಚೆಗೆ ಕೊಡ ಹೋಗಬಹುದು, ಮನುಷ್ಯ ಹೋಗಬಾರದು. ಇದನ್ನು ನೋಡಿಕೊಳ್ಳಲು ಊರು ಇಟ್ಟವನು ಮಾಬುಸಾಬ, ಅವನಿಗೆ ಮುಂಚೆ ಅವನ ಅಪ್ಪ. ಏರಿಯ ಮೇಲಿನ ಬೇವಿನ ಮರದಡಿ, ಒಂದು ಕೈ ಮುರಿದ ಕುರ್ಚಿಯಲ್ಲಿ ಕುಳಿತು ಅವನು ಮನುಷ್ಯರ ಮುಖ ನೋಡುವುದಿಲ್ಲ, ಕಾಲು ನೋಡುತ್ತಾನೆ.

ಆಷಾಢದ ಒಂದು ಮುಂಜಾನೆ ನಾವು ಒಂದು ಬಸ್ಸು ತುಂಬ ಜನ, ಮೂವತ್ತು ಕಸಬರಿಗೆ, ಒಂದು ಬ್ಯಾನರು ಸಮೇತ ಅಲ್ಲಿ ಇಳಿದೆವು. ಮಾಬುಸಾಬ ನಮ್ಮ ಕಾಲು ನೋಡಿದ. ಬೂಟುಗಳ ಲೇಸು ಬಿಚ್ಚಲು ನಮಗೆ ಹಿಡಿದ ಹೊತ್ತಿನಲ್ಲಿ ಊರಿನ ಹೆಂಗಸರು ಎರಡು ಸರತಿ ನೀರು ತುಂಬಿಕೊಂಡು ಹೋದರು. ಆಮೇಲೆ ಏರಿ ಹತ್ತಿ ನೋಡಿದರೆ, ಗೆಳೆಯರೇ, ಕೆರೆ ಸ್ವಚ್ಛವಾಗಿತ್ತು. ಸ್ವಲ್ಪ ಸ್ವಚ್ಛವಲ್ಲ, ಒಂದು ಎಲೆ ಬಿದ್ದರೂ ಅದು ಪರ ಊರಿನದೆಂದು ಗುರುತಿಸಬಹುದಾದಷ್ಟು ಸ್ವಚ್ಛ. ನಾವು ಕಸಬರಿಗೆಗಳನ್ನು ಹಿಡಿದುಕೊಂಡು, ಮದುವೆಗೆಂದು ಹೊರಟು ತಪ್ಪು ಮನೆಗೆ ಬಂದವರ ಹಾಗೆ ನಿಂತೆವು. ಶಿವಲೀಲಾಳ ಮುಖದಲ್ಲಿ ಮಾತ್ರ ಹೆಮ್ಮೆ ಉಕ್ಕುತ್ತಿತ್ತು. ಅವಳು ತೋರಿಸಬೇಕೆಂದಿದ್ದದ್ದು ಇದನ್ನೇ.

ಮಧ್ಯಾಹ್ನ ಮಾಬುಸಾಬ ನಮಾಜಿಗೆ ಎದ್ದ. ದಿನವೂ ಆ ಹೊತ್ತಿಗೆ ಯಾರಾದರೊಬ್ಬ ಊರವನನ್ನು ಕೂರಿಸಿ ಹೋಗುವವನು ಅಂದು ನಮ್ಮನ್ನು ನೋಡಿ, "ಇಷ್ಟ ಮಂದಿ ಕಲತವರು ಅದೀರಿ. ಒಂದೀಟ ನೋಡ್ಕೋರಿ" ಎಂದು ಹೇಳಿ ಹೋದ.

ನಮ್ಮ ಬಸ್ಸಿನಲ್ಲಿ ಒಂದು ಚೀಲ ಕಸವಿತ್ತು. ಒಣ ಕಸ, ಹಸಿ ಕಸ ಬೇರೆ ಮಾಡುವುದು ಹೇಗೆಂದು ಹಳ್ಳಿಯ ಜನರಿಗೆ ತೋರಿಸಲು ನಮ್ಮ ವಿದ್ಯಾರ್ಥಿ ನಿಲಯದಿಂದಲೇ ತಂದಿದ್ದ ಮಾದರಿ ಕಸ. ಪ್ಲಾಸ್ಟಿಕ್ಕಿನ ಬಾಟಲಿ, ಲೋಟ, ಪಾಕೀಟುಗಳನ್ನೆಲ್ಲ ಶಿವಲೀಲಾ ತೊಳೆದು, ಒಣಗಿಸಿ, ಎಣಿಸಿ, ಬಣ್ಣದ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು: ಒಟ್ಟು ನಲವತ್ತೇಳು. ಅದನ್ನು ಏರಿಯ ಅಂಚಿನಲ್ಲಿ ಐದು ನಿಮಿಷ ಹರಡಿ, ಒಂದು ಚಿತ್ರ ತೆಗೆದು, ಮತ್ತೆ ಚೀಲಕ್ಕೆ ತುಂಬಿದರೆ ಮೊದಲನೆಯ ಚೌಕ ತುಂಬುತ್ತದಲ್ಲ ಎಂದು ಹೇಳಿದ್ದು ಯಾವ ವಿದ್ಯಾರ್ಥಿಯೂ ಅಲ್ಲ. ನಾನು.

"ಸರ, ಗಾಳಿ ಐತ್ರಿ" ಎಂದಳು ಶಿವಲೀಲಾ.

"ಐದು ನಿಮಿಷ" ಎಂದೆ.

ಚಿತ್ರ ಅದ್ಭುತವಾಗಿ ಬಂತು. ನನ್ನ ಜೀವಮಾನದಲ್ಲಿ ನಾನು ತೆಗೆಸಿದ ಅತ್ಯುತ್ತಮ 'ಮೊದಲು' ಅದು. ಎರಡನೆಯದು ಬೇಕೇನೋ ಎಂದು ಯೋಚಿಸುತ್ತಿರುವಷ್ಟರಲ್ಲಿ ಆಷಾಢದ ಗಾಳಿ ಬಂತು, ಮತ್ತು ನಲವತ್ತೇಳೂ ವಸ್ತುಗಳು ಒಂದು ಮಾತೂ ಆಡದೆ ಎದ್ದು ಕೆರೆಗೆ ಇಳಿದವು.

ಕಲಘಟಗಿಯ ಕಡೆಯ ಒಬ್ಬ ವಿದ್ಯಾರ್ಥಿ, ಒಳ್ಳೆಯ ಈಜುಗಾರ, ಪ್ಯಾಂಟು ಮಡಚಿ ಮೆಟ್ಟಿಲು ಇಳಿಯತೊಡಗಿದ್ದ. ಅಷ್ಟರಲ್ಲಿ ಮಾಬುಸಾಬ ಮರಳಿ ಬಂದ. ಓಡಲಿಲ್ಲ, ಕೂಗಲಿಲ್ಲ. ನೀರನ್ನು ನೋಡಿದ, ನಮ್ಮನ್ನು ನೋಡಿದ. ಅಂದು ಮೊದಲ ಸಲ ಅವನು ನಮ್ಮ ಮುಖ ನೋಡಿದ್ದು. ಕಾಲು ನೋಡಿದ್ದರೇ ಚೆನ್ನಾಗಿತ್ತು.

"ಕಾಲ ಹಿಂದಕ್ಕ ತಗೀ ತಮ್ಮಾ" ಎಂದ ಆ ಹುಡುಗನಿಗೆ. "ಪಾಕೀಟ ಬಿದ್ರ ತಗೀಬೌದು. ಕಾಲ ಬಿದ್ರ ತಗಿಯಾಕ ಬರೂದಿಲ್ಲ. ಇವತ್ತ ನೀ ಇಳದಿ ಅಂದ್ರ ನಾಳಿ ಎಮ್ಮಿ ಇಳೀತೈತಿ."

"ಮತ್ತೇನು ಮಾಡೋದು?" ಎಂದೆ.

"ಗಾಳಿ ಒಯ್ದೈತಿ, ಗಾಳಿನ ತರತೈತ್ರಿ. ಕುಂದರ್ರಿ."

ಕುಳಿತೆವು. ಕೆರೆಯ ನಾಲ್ಕೂ ದಂಡೆಯಲ್ಲಿ ಬರಿಗಾಲಲ್ಲಿ, ಉದ್ದನೆಯ ಜಾಲಿಯ ಕೋಲು ಹಿಡಿದು, ಗಾಳಿ ಅಂಚಿಗೆ ತಂದದ್ದನ್ನು ಒಂದೊಂದಾಗಿ ಎಳೆದುಕೊಳ್ಳುತ್ತ ಆ ದಿನವೂ ಮರುದಿನವೂ ಕುಳಿತೆವು. ಸುಸ್ಥಿರತೆಯ ಕುರಿತು ನಾನು ಹಲವು ವಿಚಾರ ಸಂಕಿರಣಗಳಲ್ಲಿ ಕುಳಿತವನು. ಇಷ್ಟು ಹೊತ್ತು ಒಂದೇ ವಿಷಯದ ಮೇಲೆ ಗಮನವಿಟ್ಟು ಕುಳಿತದ್ದು ಅದೇ ಮೊದಲು. ಕೊಡ ಹೊತ್ತು ಬಂದ ಹೆಂಗಸರು ನೀರಿನ ಮೇಲೆ ತೇಲುವ ಲೋಟಗಳನ್ನು ನೋಡಿ ಖಾಲಿ ಕೊಡದಲ್ಲೇ ತಿರುಗಿದರು. ಅವರಲ್ಲೊಬ್ಬ ಮುದುಕಿ ಶಿವಲೀಲಾಳ ಎದುರು ನಿಂತು, "ಏನವಾ, ನಿಮ್ಮ ದೊಡ್ಡ ಸಾಲ್ಯಾಗ ಇದನ್ನ ಕಲಸ್ತಾರೇನು?" ಎಂದು ನಿಜವಾಗಿಯೂ ತಿಳಿದುಕೊಳ್ಳುವವಳಂತೆ ಕೇಳಿದಳು. ಶಿವಲೀಲಾ ತಲೆ ತಗ್ಗಿಸಿ ಕೋಲನ್ನು ಇನ್ನಷ್ಟು ದೂರ ಚಾಚಿದಳು. ಹೇಳಬೇಕಾದವನು ನಾನು, ನಾನೂ ಬಾಯಿ ಬಿಡಲಿಲ್ಲ. ಆ ಮೌನಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ. ಹಸಿದ ಹೊತ್ತಿಗೆ ಅದೇ ಊರು ನಮಗೆ ರೊಟ್ಟಿ, ಝುಣಕ ತಂದು ಕೊಟ್ಟಿತು, ಜೊತೆಗೆ ಹಿಂದಿನ ದಿನ ತುಂಬಿಟ್ಟಿದ್ದ ಕೆರೆಯ ನೀರು. ಅಷ್ಟು ಸಿಹಿಯಾದ ನೀರನ್ನು ಅಷ್ಟು ಕಷ್ಟಪಟ್ಟು ನುಂಗಿದ್ದು ನನಗೆ ನೆನಪಿಲ್ಲ.

ಎರಡನೆಯ ಸಂಜೆ ಶಿವಲೀಲಾ ನೋಟ್‌ಬುಕ್ಕು ತೆರೆದು ಎಣಿಸಿದಳು. ನಲವತ್ತಾರು. ಇನ್ನೊಮ್ಮೆ ಎಣಿಸಿದಳು. ಸಿಗದೆ ಉಳಿದದ್ದು ಒಂದು ಕಿತ್ತಳೆ ಬಣ್ಣದ ಬಿಸ್ಕೀಟು ಪಾಕೀಟು. ಕೆರೆ ಮೇಲೆ ನೋಡಲು ಸ್ವಚ್ಛವಾಗಿತ್ತು, ಹೆಂಗಸರು ನೀರು ತುಂಬಲು ಶುರುಮಾಡಿದ್ದರು, ಬಸ್ಸು ಕಾಯುತ್ತಿತ್ತು. ಉಳಿದ ನಾವೆಲ್ಲ ಹತ್ತಿದೆವು. ನಲವತ್ತೇಳರಲ್ಲಿ ನಲವತ್ತಾರು ಎಂದರೆ ನಮ್ಮ ವಿಶ್ವವಿದ್ಯಾಲಯದಲ್ಲಿ ಉನ್ನತ ಶ್ರೇಣಿ.

ಅವಳಿಗೆ ಅದು ಸಾಲಲಿಲ್ಲ. ಪ್ರತಿ ಭಾನುವಾರ ಊರಿಗೆ ಹೋಗಿ ದಂಡೆಯ ಮೇಲೆ ಕೂರತೊಡಗಿದಳು. ಊರಲ್ಲಿ ಯಾರೂ ಅವಳಿಗೆ ಏನೂ ಅನ್ನುತ್ತಿರಲಿಲ್ಲವಂತೆ; ಅದೇ ಅವಳಿಗೆ ತಡೆಯಲಾಗದ್ದು. ಮೊದಲೆಲ್ಲ ಏರಿಯ ಮೇಲೆ ಕಂಡರೆ ಕೂರಿಸಿಕೊಂಡು ಮಾತಾಡಿಸುತ್ತಿದ್ದ ಹೆಂಗಸರು ಈಗ ಅವಳನ್ನು ಕಂಡೊಡನೆ ನೀರಿನ ಕಡೆ ನೋಡುತ್ತಿದ್ದರು. ಓದು ಹಿಂದೆ ಬಿತ್ತು, ಒಂದು ಕಿರುಪರೀಕ್ಷೆ ತಪ್ಪಿತು. ನಾನು ಕರೆದು ಬುದ್ಧಿ ಹೇಳಿದೆ: ತಪ್ಪು ನನ್ನದು, ನಿನ್ನದಲ್ಲ ಎಂದೆ. "ಊರು ನಿಮ್ದಲ್ಲಲ್ರಿ ಸರ" ಎಂದಳು, ಯಾವ ಸಿಟ್ಟೂ ಇಲ್ಲದೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ನನ್ನ ಕೋಣೆಯ ಹೊರಗೆ ಒಂದು ಜೊತೆ ಹಳೆಯ ಚಪ್ಪಲಿ, ಒಳಗೆ ಮಾಬುಸಾಬ. ಕೂರಿ ಎಂದರೂ ಕೂರಲಿಲ್ಲ. ಅಂಗಿಯ ಕಿಸೆಯಿಂದ ಕಾಗದದಲ್ಲಿ ಸುತ್ತಿದ್ದೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಇಟ್ಟ.

"ನಿಮ್ಮ ಸಾಮಾನು ನಮ್ಮ ಕೆರ್ಯಾಗ ಉಳದಿತ್ರಿ. ನಿನ್ನಿ ಸಿಕ್ತು. ಇನ್ನ ಶಿವಲೀಲಾಗ ಓದಾಕ ಹೇಳ್ರಿ."

ಸುತ್ತಿದ ಕಾಗದ ಬಿಚ್ಚಿದೆ. ಕೆಂಪು ಬಣ್ಣದ ಚಹಾಪುಡಿಯ ಪಾಕೀಟು. ಅಂಚು ಕತ್ತರಿಯಿಂದ ಕತ್ತರಿಸಿದ್ದು, ಗರಿಗರಿಯಾಗಿ ಒಣಗಿದ್ದು; ಒಳಗಿನಿಂದ ಹೊಸ ಪುಡಿಯ ಘಮ ಬರುತ್ತಿತ್ತು. ಅದು ನೀರು ಕಂಡಿದ್ದರೆ ಮಾಬುಸಾಬನ ಮನೆಯ ಒಲೆಯ ಮೇಲಿನ ನೀರನ್ನು ದೂರದಿಂದ ಕಂಡಿದ್ದೀತು. ನಾನು ತಲೆ ಎತ್ತಿ ನೋಡಿದೆ. ಅವನು ನನ್ನ ಕಾಲು ನೋಡುತ್ತಿದ್ದ.

ಆ ಕೆರೆಯ ವಿಷಯದಲ್ಲಿ ಮಾಬುಸಾಬನಾಗಲಿ ಅವನ ಅಪ್ಪನಾಗಲಿ ಸುಳ್ಳು ಹೇಳಿದ್ದನ್ನು ಊರು ಕೇಳಿಲ್ಲ. ಸುಳ್ಳು ಚಿತ್ರ ತೆಗೆಸಿದ ಅನುಭವಿಯಾದ ನನಗೆ ಇನ್ನೊಂದು ಸುಳ್ಳನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು, ನನ್ನದನ್ನೂ ಅವನದನ್ನೂ ಒಂದೇ ಹೆಸರಿನಿಂದ ಕರೆಯುವುದು. "ಹೌದ್ರಿ, ಇದೇ" ಎಂದೆ. ಅವನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೋದ.

ಶಿವಲೀಲಾಳನ್ನು ಕರೆಸಿ, ಮಾಬುಸಾಬ ತಂದದ್ದೆಂದು ಹೇಳಿ ಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿದಳು, ಮೂಗಿನ ಹತ್ತಿರ ಹಿಡಿದಳು, ಮಡಿಸಿದಳು. ಕಣ್ಣೊರೆಸಿಕೊಂಡಳು.

"ಸರ, ಮಾಬು ಕಾಕಾಗ ಸಿಕ್ತು ಅಂತನ ಹೇಳ್ರಿ. ನಾ ಹುಡುಕೂದು ಬಿಟ್ಟೇನಿ ಅಂತ ಹೇಳ್ರಿ."

"ಬಿಟ್ಟೆಯಾ?"

"ಆ ಬಿಸ್ಕೀಟ ಪಾಕೀಟು ಇನ್ನೂ ನೀರಾಗ ಐತಲ್ರಿ" ಎಂದು ಪಾಕೀಟನ್ನು ನನ್ನ ಮೇಜಿನ ಮೇಲಿಟ್ಟು ತರಗತಿಗೆ ಹೋದಳು. ಮುಂದಿನ ಪರೀಕ್ಷೆಯಲ್ಲಿ ಅವಳು ಪಾಸಾದಳು.

ಹೋದ ತಿಂಗಳು ಒಂದು ಭಾನುವಾರ ನಾನೊಬ್ಬನೇ ಆ ಊರಿಗೆ ಹೋದೆ, ಬ್ಯಾನರಿಲ್ಲದೆ, ಲೇಸಿಲ್ಲದ ಚಪ್ಪಲಿ ಹಾಕಿಕೊಂಡು. ಏರಿಯ ಕೆಳಗೆ ಬಿಚ್ಚಿಟ್ಟು ಹತ್ತಿದೆ. ಮೂಡಣ ದಂಡೆಯಲ್ಲಿ ಶಿವಲೀಲಾ ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಕುಳಿತಿದ್ದಳು. ಹಾಳೆ ತಿರುಗಿಸಿದಾಗಲೆಲ್ಲ ಅವಳ ಕಣ್ಣು ನೀರಿನ ಅಂಚನ್ನು ಸವರಿಕೊಂಡು ಬರುತ್ತಿತ್ತು. ಪಡುವಣ ದಂಡೆಯಲ್ಲಿ ಮಾಬುಸಾಬ ಬಿಸಿಲಿಗೆ ಕೈ ಅಡ್ಡ ಹಿಡಿದು, ಜಾಲಿಯ ಕೋಲಿನಿಂದ ಜೊಂಡಿನ ಬುಡವನ್ನು ಮೆಲ್ಲಗೆ ಕೆದಕುತ್ತಿದ್ದ. ಅವಳು ತಲೆ ಎತ್ತಿದಾಗ ಅವನು ಕೋಲನ್ನು ಬೆನ್ನ ಹಿಂದೆ ಮಾಡಿದ. ಅವನು ಅವಳ ಕಡೆ ನೋಡಿದಾಗ ಅವಳು ಪುಸ್ತಕ ಓದಿದಳು. ಒಬ್ಬರ ಕಣ್ಣಿಗೆ ಒಬ್ಬರು ಏನನ್ನೂ ಹುಡುಕುತ್ತಿರಲಿಲ್ಲ.

ನಾನು ತೆಂಕಣ ದಂಡೆಯಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ಮಾಬುಸಾಬ ಬಂದು, "ಯಾಕ ಬಂದ್ರಿ ಸರ?" ಎಂದ. "ಸುಮ್ನ" ಎಂದೆ. "ಕುಂದರ್ರಿ ಹಂಗಾರ" ಎಂದು ಹೋದ.

ಮರಳಿ ಬಂದ ಮೇಲೆ, ಎರಡು ಗಡುವು ದಾಟಿದ್ದ ವರದಿಯನ್ನು ತುಂಬಿ ಕಳಿಸಿದೆ. ಚಿತ್ರದ ಮೊದಲ ಚೌಕದಲ್ಲಿ ಕೆರೆ ಮೊದಲೇ ಚೆನ್ನಾಗಿತ್ತು ಎಂದೂ, ನಡುವಿನದರಲ್ಲಿ ನಾವು ಹೋದೆವು ಎಂದೂ ಬರೆದೆ. ಮೂರನೆಯದನ್ನು ಖಾಲಿ ಬಿಟ್ಟು, ನಮೂನೆಯ ಕೊನೆಯಲ್ಲಿ 'ಕಾರ್ಯ ಪೂರ್ಣಗೊಂಡಿದೆಯೇ?' ಎಂಬ ಪ್ರಶ್ನೆಗೆ 'ಇಲ್ಲ' ಎಂದು ಗುರುತು ಹಾಕಿ, ಕಾರಣದ ಮುಂದೆ 'ಒಂದು ಪಾಕೀಟು ಬಾಕಿ' ಎಂದೆ. ಎರಡು ದಿನ ಬಿಟ್ಟು ಕಚೇರಿಯಿಂದ ಫೋನು ಬಂತು. ನಮೂನೆಯಲ್ಲಿ 'ಇಲ್ಲ' ಎಂದು ಇದುವರೆಗೆ ಯಾರೂ ಬರೆದಿಲ್ಲವಂತೆ. ಯಾವ ಪಾಕೀಟು ಎಂದು ಕೇಳಿದರು.

ಎರಡನೆಯ ಖಾನೆ ಎಳೆದು ನೋಡಿದೆ. ನಾಲ್ಕು ಮಡಿಕೆಯ ಕೆಂಪು ಪಾಕೀಟು ಅಲ್ಲೇ ಇತ್ತು, ಘಮ ಇನ್ನೂ ಪೂರ್ತಿ ಹೋಗಿರಲಿಲ್ಲ.

"ನನ್ನ ಹತ್ತಿರ ಇರುವುದಲ್ಲ" ಎಂದೆ.